ಕಾಲೇಜಿಗೆ ಹೊರಟವಳಿಗೆ ಬ್ಯಾಗಿನ ಬಗ್ಗೆ ದೊಡ್ಡಮ್ಮನ ಕಿವಿಮಾತು

ಮಗಳೇ, ಜೂನ್‌ನಿಂದ ನಿನಗೆ ಬೆಳ್ತಂಗಡಿ–ಮೂಡುಬಿದಿರೆ ಬಸ್ಸಿನ ಓಡಾಟ ಶುರು. ಹಿತ್ತಾಳೆ ಬಕಲು, ಚರ್ಮದ ಪಟ್ಟಿ ಇರುವ ಹಳೇ ಗತ್ತಿನ ಕ್ಯಾನ್ವಾಸ್ ಬ್ಯಾಗ್ ತೆಗೆದುಕೊಳ್ಳಲೋ, ಜಿಪ್ಪಿನ ನೈಲಾನ್ ಬ್ಯಾಗ್ ಸಾಕೋ ಎಂದು ಕೇಳಿದ್ದೀ. ಚಂದದ ವಸ್ತುವಿನ ಮೇಲೆ ಆಸೆ ಇರಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಕಡೆ ಮಳೆ, ಬಸ್ಸು, ಬೆನ್ನು ಈ ಮೂರೂ ಒಪ್ಪಿದ ಮೇಲೆಯೇ ಕಣ್ಣಿನ ಸರದಿ. ಅಂಗಡಿಗೆ ಹೋಗುವ ಮುಂಚೆ ಇಷ್ಟು ಮನಸ್ಸಿನಲ್ಲಿಟ್ಟುಕೋ.

• ಮೊದಲು ಮಳೆಯ ಲೆಕ್ಕ ಹಾಕು. ಲಂಡನ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿ.ಮೀ. ಅಷ್ಟು ಮಳೆ ನಮ್ಮ ಜಿಲ್ಲೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿದು ಮಿಗುತ್ತದೆ. ನೀನು ಮೆಚ್ಚಿದ ಮೇಣ ಹಚ್ಚಿದ ಕ್ಯಾನ್ವಾಸ್, ತಂಪು ದೇಶದ ನಾವಿಕರು ಹಾಯಿಬಟ್ಟೆಗೆ ಎಣ್ಣೆ ಬಳಿಯುತ್ತಿದ್ದ ರೂಢಿಯಿಂದ ಬಂದದ್ದು. ಅಲ್ಲಿಗೆ ಒಳ್ಳೆಯ ಬಟ್ಟೆ. ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುವಾಗ ಅಡ್ಡ ಹೊಡೆಯುವ ಮಳೆಗೆ ಅದು ಸಾಲದು.

• ಕ್ಯಾನ್ವಾಸಿನ ಗುಣ, ದೋಷ ಎರಡೂ ತಿಳಿದುಕೋ. ಹತ್ತಿಯ ನೂಲು ನೆನೆದಾಗ ಉಬ್ಬಿ ನೇಯ್ಗೆಯ ಸಂದು ಮುಚ್ಚುತ್ತದೆ, ಆದ್ದರಿಂದ ಸಣ್ಣ ಮಳೆ ತಡೆಯುತ್ತದೆ. ಆದರೆ ಒಮ್ಮೆ ಪೂರ್ತಿ ಒದ್ದೆಯಾಯಿತೋ, ಮಳೆ ಹಿಡಿದ ಆಟಿ ತಿಂಗಳಲ್ಲಿ ಅದು ಒಣಗುವ ಮಾತೇ ಇಲ್ಲ. ಒದ್ದೆ ಬ್ಯಾಗನ್ನೇ ಮರುದಿನ ಹೆಗಲಿಗೆ ಹಾಕಬೇಕು. ಬೇಸಿಗೆಯಲ್ಲಿ ಬೇರೆ ತೊಂದರೆ: ಏಪ್ರಿಲ್ ಸೆಕೆಗೆ ಮೇಣ ಮೆತ್ತಗಾಗಿ ಬಿಳಿ ಅಂಗಿಯ ಬೆನ್ನಿಗೆ ಕಲೆ ಹತ್ತುತ್ತದೆ. ಸೋಪು ಹಾಕಿ ಒಗೆದರೆ ಮೇಣವೂ ಹೋಯಿತು.

• ಚರ್ಮಕ್ಕೆ ಬೂಸ್ಟು ಬರುತ್ತದೆ. ಮಳೆಗಾಲದಲ್ಲಿ ಕಪಾಟಿನೊಳಗಿಟ್ಟ ಬೆಲ್ಟು, ಚಪ್ಪಲಿಯ ಮೇಲೆ ಬೂದುಬಣ್ಣದ ಪುಡಿ ಕೂರುವುದನ್ನು ನೀನೇ ನೋಡಿದ್ದೀ. ಬ್ಯಾಗಿನ ಪಟ್ಟಿಗೂ ಅದೇ ಗತಿ, ಹಿತ್ತಾಳೆಗೆ ಕಿಲುಬು. ದಿನಾ ಒಣಬಟ್ಟೆಯಲ್ಲಿ ಒರೆಸಿ ಗಾಳಿಯಾಡುವ ಕಡೆ ತೂಗುಹಾಕುವ ತಾಳ್ಮೆ ಇದ್ದರೆ ತೆಗೆದುಕೋ. ಬೇಗ ಒಣಗಲೆಂದು ಒಲೆಯ ಹತ್ತಿರ ಇಡಬೇಡ, ಚರ್ಮ ಬಿರಿಯುತ್ತದೆ.

• ಚರ್ಮವೋ ರೆಕ್ಸಿನ್ನೋ ನೋಡು. ಪಟ್ಟಿಯ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿ. ಚರ್ಮವಾದರೆ ಒಳಗಿನವರೆಗೂ ಒಂದೇ ತೆರನಾದ ನಾರು ಕಾಣುತ್ತದೆ. ರೆಕ್ಸಿನ್ ಆದರೆ ಮೇಲೆ ತೆಳು ಹೊಳಪಿನ ಪದರ, ಅಡಿಯಲ್ಲಿ ಬಟ್ಟೆ. ಆ ಪದರ ನಮ್ಮ ಹವೆಗೆ ಹೊಟ್ಟಿನ ಹಾಗೆ ಏಳುತ್ತದೆ.

• ನೈಲಾನ್ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳಬೇಡ. ನೀರು ತಡೆಯುವುದು ಬಟ್ಟೆಯಲ್ಲ, ಅದರ ಒಳಮೈಗೆ ಬಳಿದ ಲೇಪ. ತೇವದಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಆ ಲೇಪ ಅಂಟಂಟಾಗಿ ಸಿಪ್ಪೆ ಸುಲಿಯುತ್ತದೆ. ರಿಯಾಯಿತಿಯ ಹಳೇ ಸ್ಟಾಕ್ ಕೊಳ್ಳುವಾಗ ಬ್ಯಾಗಿನೊಳಗೆ ಕೈ ಹಾಕಿ ಬೆರಳಿಂದ ಉಜ್ಜು. ಕೈಗೆ ಅಂಟಿದರೆ, ಹುಳಿ ವಾಸನೆ ಬಂದರೆ ಬಿಟ್ಟು ಬಾ.

• ಹೊಲಿಗೆಯನ್ನು ಎಳೆದು ನೋಡು. ಬಾಳಿಕೆ ಇರುವುದು ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಎರಡು ಇಂಚಿನಲ್ಲಿ. ಅಲ್ಲಿ ಚೌಕ ಹೊಲಿದು ನಡುವೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕಿರಬೇಕು. ಒಂದೇ ಸಾಲು ಹೊಲಿಗೆಯಿದ್ದರೆ ಎಷ್ಟೇ ಗಟ್ಟಿ ಬಟ್ಟೆಯಾದರೂ ಪಟ್ಟಿ ಕಿತ್ತು ಬರುತ್ತದೆ. ಜಿಪ್ಪನ್ನು ಮೂಲೆಯ ತಿರುವಿನಲ್ಲಿ ನಾಲ್ಕು ಸಲ ಎಳೆದು ಮುಚ್ಚಿ ನೋಡು, ಸಿಕ್ಕಿಕೊಳ್ಳುವುದು ಅಲ್ಲಿಯೇ.

• ಬಸ್ಸಿನ ಮರ್ಯಾದೆ ಮರೆಯಬೇಡ. ನಮ್ಮ ಊರಿನ ಬಸ್ಸಿನಲ್ಲಿ ನಿಂತ ಮಕ್ಕಳ ಬ್ಯಾಗನ್ನು ಕೂತವರು ಕೇಳಿ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಒಳ್ಳೆಯ ರೂಢಿ, ಅದನ್ನು ಉಳಿಸಬೇಕಾದವರು ನೀವು. ಚೂಪು ಬಕಲಿನದ್ದು, ನೀರು ತೊಟ್ಟಿಕ್ಕುವಂಥದ್ದು ಕೊಟ್ಟರೆ ಅವರ ಸೀರೆ ಹಾಳು. ಮೇಲೆ ಗಟ್ಟಿ ಹಿಡಿ ಇರಲಿ, ಜನರ ನಡುವೆ ಒಂದೇ ಕೈಯಲ್ಲಿ ದಾಟಿಸಲು ಬರಬೇಕು. ಪಾಸ್ ತೆಗೆಯಲು ಎರಡು ಬಕಲು ಬಿಚ್ಚಬೇಕಾದ ಬ್ಯಾಗ್ ಬೆಳಗ್ಗಿನ ನೂಕುನುಗ್ಗಲಿಗೆ ಆಗದು.

• ಖಾಲಿ ಬ್ಯಾಗನ್ನು ತೂಗು. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಮಕ್ಕಳ ಬ್ಯಾಗ್ ಅವರ ತೂಕದ ಶೇ. 10ನ್ನು ಮೀರಬಾರದು ಎಂದಿತು. ಕಾಲೇಜಿಗೆ ಹೊರಟ ನಿನಗೆ ಆ ನಿಯಮ ಇರಲಿ ಬಿಡಲಿ, ಬೆನ್ನು ಮಾತ್ರ ಅದೇ. ನೀನು 50 ಕೆ.ಜಿ. ಇದ್ದರೆ 5 ಕೆ.ಜಿ. ಮಿತಿ ಇಟ್ಟುಕೋ. ದಪ್ಪ ಕ್ಯಾನ್ವಾಸ್, ಚರ್ಮ, ಲೋಹ ಸೇರಿ ಖಾಲಿ ಬ್ಯಾಗೇ ಒಂದೂವರೆ ಕೆ.ಜಿ. ತೂಗಿದರೆ ಲ್ಯಾಪ್‌ಟಾಪ್, ಬುತ್ತಿ, ನೀರು, ಪುಸ್ತಕಕ್ಕೆ ಎಷ್ಟು ಉಳಿಯಿತು?

• ಫ್ಯಾಷನ್ನಿನ ಮೂಲ ಕೇಳು. ಸ್ವೀಡನ್ನಿನ ಕೋಂಕೆನ್ ಎಂಬ ಚೌಕದ ಬ್ಯಾಗನ್ನು ಇವತ್ತು ಲೋಕವೆಲ್ಲ ಸ್ಟೈಲಿಗೆಂದು ಹಾಕುತ್ತದೆ. 1978ರಲ್ಲಿ ಅದನ್ನು ಮಾಡಿದ್ದು ಅಲ್ಲಿನ ಶಾಲಾ ಮಕ್ಕಳಿಗೆ ಬೆನ್ನುನೋವು ಬಾರದಿರಲಿ ಎಂದು. ಗದ್ದೆ ಕೆಲಸದಲ್ಲಿ ಮಳೆಗೆ ಹೊದೆಯುತ್ತಿದ್ದ ನಮ್ಮ ಗೊರಬೆಯೂ ಹಾಗೆಯೇ. ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚಿ, ನೇಜಿ ನೆಡಲು ಎರಡೂ ಕೈ ಬಿಡುವು ಮಾಡಿಕೊಟ್ಟದ್ದು. ಹಳೆಯದು ಚಂದ ಕಂಡರೆ ಅದು ಯಾವ ಕೆಲಸಕ್ಕೆ ಹುಟ್ಟಿತು ಎಂದು ನೋಡು. ನಿನ್ನ ಕೆಲಸವೂ ಅದೇ ಆದರೆ ಧಾರಾಳವಾಗಿ ತೆಗೆದುಕೋ.

• ಒಳಗೂ ಕಣ್ಣಾಡಿಸು. ಲ್ಯಾಪ್‌ಟಾಪಿನ ಜಾಗ ಬ್ಯಾಗಿನ ತಳಕ್ಕಿಂತ ಎರಡು ಬೆರಳು ಮೇಲೆ ನಿಂತಿರಬೇಕು. ಇಲ್ಲದಿದ್ದರೆ ನೆಲಕ್ಕೆ ಇಟ್ಟಾಗಲೆಲ್ಲ ಪೆಟ್ಟು ಅದಕ್ಕೇ. ಒದ್ದೆ ಕೊಡೆಗೆ ಹೊರಗೆ ಬಲೆಯ ಜೇಬು ಬೇಕು. ಬುತ್ತಿ ನೆಟ್ಟಗೆ ಕೂರಬೇಕು, ಸಾಂಬಾರು ಚೆಲ್ಲಿದರೆ ನೋಟ್ಸ್ ಹೋಯಿತು.

• ರೇನ್ ಕವರ್ ಒಂದನ್ನೇ ನಂಬಬೇಡ. ಅದು ಹೊರಮೈ ಮುಚ್ಚುತ್ತದೆ, ಬೆನ್ನಿಗೆ ಅಂಟುವ ಕಡೆ ತೆರೆದೇ ಇರುತ್ತದೆ. ಕುತ್ತಿಗೆಯಿಂದ ಇಳಿದ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಪುಸ್ತಕವನ್ನು ಅದರಲ್ಲಿ ಹಾಕಿ ಬಾಯಿ ಮಡಚು. ಎಷ್ಟು ದುಬಾರಿ ಬ್ಯಾಗಾದರೂ ಇದನ್ನು ಬಿಡಬೇಡ.

• ಗುಡ್ಡಕ್ಕೆ ಹೋಗುವ ಬ್ಯಾಗನ್ನು ದಿನಾ ಹೊರಬೇಡ. 1794ರಲ್ಲಿ ಟಿಪ್ಪು ಕಟ್ಟಿಸಿದ ಜಮಲಾಬಾದ್ ಕೋಟೆ, ನಮ್ಮ ಗಡಾಯಿಕಲ್ಲು, ಹತ್ತಲು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಅಂಥ ಕಡೆಗೆ ಸೊಂಟಕ್ಕೆ ಬಿಗಿಯುವ ಪಟ್ಟಿ ಇರುವ ಬ್ಯಾಗ್ ಬೇಕು. ವರ್ಷಕ್ಕೊಮ್ಮೆಯ ಚಾರಣಕ್ಕೆ ಅದನ್ನು ಗೆಳತಿಯಿಂದ ಕೇಳಿ ಪಡೆ, ತೊಳೆದು ಒಣಗಿಸಿ ಹಿಂದಿರುಗಿಸು.

• ರಿಪೇರಿ ಮಾಡುವವರನ್ನು ಪರಿಚಯ ಮಾಡಿಕೋ. ಮಳೆ ಹಿಡಿಯುವ ಮುಂಚೆ ಬಂಟ್ವಾಳ, ಬಿ.ಸಿ. ರೋಡ್, ಮೂಡುಬಿದಿರೆ ಪೇಟೆಗಳಲ್ಲಿ ಕೊಡೆ, ಚಪ್ಪಲಿ, ಬ್ಯಾಗ್ ಹೊಲಿಯುವವರು ಸಿಗುತ್ತಾರೆ. ಜಿಪ್ಪು ಬಾಯಿ ಬಿಟ್ಟರೆ ಎಷ್ಟೋ ಸಲ ಅದರ ರನ್ನರ್ ಮಾತ್ರ ಸವೆದಿರುತ್ತದೆ, ಅದನ್ನು ಬದಲಿಸಿದರೆ ಸಾಕು. ಪಟ್ಟಿ ಸಡಿಲವಾದ ದಿನವೇ ಕೊಡು, ಕಿತ್ತ ಮೇಲೆ ಬಟ್ಟೆಯೂ ಹರಿದಿರುತ್ತದೆ. ಹೇಳಿದಷ್ಟು ಕೊಡು, ಚೌಕಾಸಿ ಮಾಡಬೇಡ. ಅವರ ಕೈ ಇದ್ದರೆ ನಮ್ಮ ವಸ್ತು ಬಾಳುತ್ತದೆ.

• ಕೊನೆಗೆ ನನ್ನ ತೀರ್ಮಾನ. 1430ರ ಸಾವಿರ ಕಂಬದ ಬಸದಿ ನಿನ್ನ ಕಾಲೇಜಿರುವ ಮೂಡುಬಿದಿರೆಯಲ್ಲೇ ಇದೆ, ಒಂದು ಮಧ್ಯಾಹ್ನ ಹೋಗಿ ನೋಡು. ಅಷ್ಟು ಕೆತ್ತನೆಯ ಕಂಬಗಳಿಗೆ ಮೇಲೆ ಇಳಿಜಾರು ಮಾಡು ಕಟ್ಟಿದ್ದಾರೆ. ಮಳೆಗೆ ಬೇಕಾದ್ದನ್ನು ಮಾಡಿ ಮುಗಿಸಿದವರಿಗೇ ಚಂದ ಮಾಡುವ ಹಕ್ಕು ಎಂದು ಕಟ್ಟಿದವರಿಗೆ ಗೊತ್ತಿತ್ತು. ನೀನೂ ಈಗ ಹಗುರದ, ಗಟ್ಟಿ ಹೊಲಿಗೆಯ ನೈಲಾನ್ ಬ್ಯಾಗನ್ನೇ ಕೊಳ್ಳು. ಕ್ಯಾನ್ವಾಸಿನ ಆಸೆ ದೀಪಾವಳಿಯವರೆಗೂ ಉಳಿದಿದ್ದರೆ ಅದು ನಿಜವಾದ ಆಸೆ. ಆಗ ಒಳ್ಳೆಯ ಚರ್ಮದ ಪಟ್ಟಿ ಇರುವುದನ್ನೇ ಆರಿಸು, ಅರ್ಧ ಹಣ ನಾನು ಕೊಡುತ್ತೇನೆ. ನವೆಂಬರಿನಿಂದ ಮಾರ್ಚಿನವರೆಗೆ ಅದನ್ನು ಹಾಕು, ಮಳೆಗೆ ಮುಂಚೆ ಒಣಗಿಸಿ ಎತ್ತಿಡು. ಹಾಗೆ ನೋಡಿಕೊಂಡರೆ ನಿನ್ನ ತಮ್ಮನೂ ಅದನ್ನು ಹೊತ್ತು ಕಾಲೇಜಿಗೆ ಹೋದಾನು.