ನಿದ್ದೆಗೆಟ್ಟ ರಾತ್ರಿಯ ಸಂಗೀತಕ್ಕೆ ಮೈಸೂರಿನ ನಂಟು

ಪ್ರಶ್ನೆ: ನಿದ್ದೆ ಹತ್ತದ ರಾತ್ರಿ ನೀಲಾಂಬರಿ ರಾಗ ಕೇಳುತ್ತೇನೆ. ಪಾಶ್ಚಾತ್ಯರ ಚೇಂಬರ್ ಮ್ಯೂಸಿಕ್‌ನಲ್ಲಿ ನಿದ್ರಾಹೀನತೆಯಿಂದ, ಮನಸ್ಸಿನ ಬೇಗುದಿಯಿಂದಲೇ ಹುಟ್ಟಿದ ಕೃತಿಗಳಿವೆಯಂತೆ, ನಿಜವೇ? ನಮ್ಮ ಕಡೆಗೂ ಅದಕ್ಕೂ ಏನಾದರೂ ಸಂಬಂಧ ಉಂಟೇ?
– ಓದುಗರೊಬ್ಬರು, ಕಳ್ಳಂಬೆಳ್ಳ, ಶಿರಾ ತಾಲ್ಲೂಕು

ಉತ್ತರ: ನಿಜ. ಸಂಬಂಧವೂ ಉಂಟು, ಮೈಸೂರು ಅರಮನೆಯ ಮೂಲಕ.

ಚೇಂಬರ್ ಮ್ಯೂಸಿಕ್ ಎಂದರೆ ನಮ್ಮ ಮನೆ ಕಛೇರಿಯ ಹಾಗೆ, ಒಂದು ಕೋಣೆಯಲ್ಲಿ ನಾಲ್ಕೈದು ಜನ ಎದುರುಬದುರು ಕೂತು ನುಡಿಸುವುದು. ರಷ್ಯಾದ ನಿಕೊಲಾಯ್ ಮೆಟ್ನರ್ ಅಂಥ ಆಪ್ತ ಸಂಗೀತದಲ್ಲಿ ಪಳಗಿದವರು. ಕವಿ ಪುಷ್ಕಿನ್ ನಿದ್ದೆಗೆಟ್ಟು ಬರೆದ ಕವನವೊಂದನ್ನು ಅವರು ಕಂಠಕ್ಕೂ ಪಿಯಾನೊಗೂ ಹೊಂದಿಸಿ ಹಾಡಾಗಿಸಿದರು. ಆ ಕವನದಲ್ಲಿ ದೀಪವಿಲ್ಲ, ಪಕ್ಕದಲ್ಲೇ ಗಡಿಯಾರದ ಸದ್ದು ಒಂದೇ ಸಮನೆ. ಎಚ್ಚರವಿದ್ದವನು ರಾತ್ರಿಯನ್ನೇ ಪ್ರಶ್ನಿಸುತ್ತಾನೆ. ಮುಂದೆ ಇನ್ನೊಬ್ಬ ಕವಿ ತ್ಯೂಚೆವ್‌ನ ‘ನಿದ್ರಾಹೀನತೆ’ ಕವನವನ್ನೂ ಮೆಟ್ನರ್ ಹಾಡಾಗಿಸಿದರು.

ಇದೇ ಮೆಟ್ನರ್ ಮುಪ್ಪಿನಲ್ಲಿ ಲಂಡನ್ ಸೇರಿ, ಹೃದ್ರೋಗದಿಂದ ಬಳಲುತ್ತ, ಹೆಚ್ಚಿನವರ ನೆನಪಿನಿಂದ ಜಾರಿಹೋಗಿದ್ದರು. ಆಗ ಅವರ ಕೈಹಿಡಿದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ದೊರೆಗೆ ಪಿಯಾನೊ ಕೂಡ ಚೆನ್ನಾಗಿ ಗೊತ್ತಿತ್ತು. ಮೈಸೂರಿನ ಹಣದಲ್ಲಿ 1947ರಿಂದ ಮೆಟ್ನರ್ ತಾವೇ ನುಡಿಸಿದ ಗ್ರಾಮಫೋನ್ ತಟ್ಟೆಗಳು ತಯಾರಾದವು. ಯೌವನದಲ್ಲಿ ಶುರುಮಾಡಿ ಮುಪ್ಪಿನಲ್ಲಿ ಮುಗಿಸಿದ ಪಿಯಾನೊ ಕ್ವಿಂಟೆಟ್ (ಐವರು ನುಡಿಸುವ ಕೃತಿ) ಅವುಗಳಲ್ಲೊಂದು. ವಾದ್ಯವೃಂದದೊಡನೆ ನುಡಿಸುವ ತಮ್ಮ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಆ ತಟ್ಟೆಗಳಿಲ್ಲದಿದ್ದರೆ ಅವರ ಬೆರಳಿನ ನಾದ ನಮಗೆ ಇಷ್ಟು ದಕ್ಕುತ್ತಿರಲಿಲ್ಲ. ನಮ್ಮ ದೊರೆಯ ಈ ಕೆಲಸ ನಮ್ಮಲ್ಲೇ ಇಷ್ಟು ಕಡಿಮೆ ಜನಕ್ಕೆ ತಿಳಿದಿರುವುದು ನನಗೆ ಬೇಸರದ ಸಂಗತಿ.

ಬೇಗುದಿಯನ್ನು ನೇರವಾಗಿ ಕೇಳಿಸುವ ಕೃತಿ ಬೇಕೆಂದರೆ ಚೆಕ್ ಸಂಗೀತಗಾರ ಸ್ಮೆಟನ 1876ರಲ್ಲಿ ಬರೆದ ‘ನನ್ನ ಬದುಕಿನಿಂದ’ ಎಂಬ ಕ್ವಾರ್ಟೆಟ್ (ನಾಲ್ವರು ನುಡಿಸುವ ಕೃತಿ) ಇದೆ. ಎರಡು ವರ್ಷ ಮೊದಲು ಅವರು ಕಿವುಡಾಗಿದ್ದರು. ಕೊನೆಯ ಭಾಗದಲ್ಲಿ ಕುಣಿತದ ಲಯ ಭರದಿಂದ ಸಾಗುತ್ತಿರುತ್ತದೆ, ತಟ್ಟನೆ ಎಲ್ಲ ನಿಲ್ಲುತ್ತದೆ. ಕೆಳಗೆ ಉಳಿದ ವಾದ್ಯಗಳು ಅದುರುತ್ತಿರುವಾಗ ಪಿಟೀಲೊಂದು ತಾರಕದ ಒಂದೇ ಸ್ವರವನ್ನು ಎಳೆದು ಹಿಡಿಯುತ್ತದೆ. ಕಿವುಡು ಬರುವಾಗ ಅವರ ಕಿವಿಯೊಳಗೆ ಸಿಳ್ಳೆ ಹಾಕುತ್ತಿದ್ದ ಸದ್ದಿನ ಸಂಕೇತ ಅದು.

ಈ ಕಾಲದವರಲ್ಲಿ ಮ್ಯಾಕ್ಸ್ ರಿಕ್ಟರ್ ಅವರದು ಬೇರೆ ದಾರಿ. 2015ರ ಅವರ ‘ಸ್ಲೀಪ್’ ಎಂಟು ಗಂಟೆಗೂ ಮೀರಿದ ಕೃತಿ. ಲಂಡನ್ನಿನಲ್ಲಿ ಅದನ್ನು ನಡುರಾತ್ರಿಯಿಂದ ಬೆಳಗಿನವರೆಗೆ ನುಡಿಸಿದಾಗ ಕೇಳುಗರು ಹಾಸಿಗೆ ಮೇಲೆ ಮಲಗಿದ್ದರು. ನಿಮ್ಮ ನೀಲಾಂಬರಿಗೆ ಹತ್ತಿರದ ಉದ್ದೇಶ ಇದು. ಮೆಟ್ನರ್, ಸ್ಮೆಟನ ಮಲಗಿಸುವುದಿಲ್ಲ, ಎಚ್ಚರದ ಜೊತೆಗೇ ಕೂರುತ್ತಾರೆ. ನನಗೆ ಹೆಚ್ಚು ಹಿಡಿಸುವುದು ಈ ಎರಡನೆಯದೇ.

ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ ಮಾತ್ರ ಸಂಗೀತವನ್ನೇ ನೆಚ್ಚಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇನ್ನು ಸ್ಮೆಟನ ಅವರ ಕ್ವಾರ್ಟೆಟ್ಟನ್ನು ಸಂಜೆ ಹೊತ್ತು, ಪೂರ್ತಿ ಅರ್ಧ ಗಂಟೆ ಬಿಡುವು ಮಾಡಿಕೊಂಡು ಕೇಳಿ. ಮಲಗುವ ಮುಂಚೆ ಬೇಡ.