ಚಂದಾ ಎತ್ತುವವರಿಗೆ ಒಂದು ಪಾಠ: ರಸೀದಿಗಿಂತ ಮೊದಲು ಸಂಬಂಧ



ವಾರ್ಷಿಕ ವರದಿಯಲ್ಲಿ ಬಂದ ಹಣದ ಲೆಕ್ಕವೂ ಕೊಟ್ಟ ಹಣದ ಲೆಕ್ಕವೂ ಇರುತ್ತದೆ. ಆ ಹಣವನ್ನು ಹೇಗೆ ಕೇಳಿ ತಂದೆವು ಎಂಬ ಲೆಕ್ಕವನ್ನು ಮಾತ್ರ ನಾವು ಈವರೆಗೆ ಒಪ್ಪಿಸಿರಲಿಲ್ಲ. ಚಂದಾ ಎತ್ತುವ ನಮ್ಮ ಕಾರ್ಯಕರ್ತರಿಗಾಗಿ ಬರೆದುಕೊಂಡ ಪಾಠವನ್ನೇ ಈ ಸಲ ಇಲ್ಲಿ ಅಚ್ಚು ಹಾಕಿದ್ದೇವೆ. ದಾನಿಗಳು ಓದಿ ನಮ್ಮನ್ನು ತಿದ್ದಬಹುದು. ಕುಟುಂಬದವರು ಓದಿದರೆ ಈ ಹಣ ಯಾವ ದಾರಿಯಲ್ಲಿ ತಮ್ಮ ಮನೆಗೆ ಬರುತ್ತದೆಂದು ತಿಳಿದೀತು.

ಪಾಠ ಶುರುವಾದದ್ದು ಒಂದು ತಪ್ಪಿನಿಂದ. ಒಂದು ರಂಜಾನ್ ಸಂಜೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದಕ್ಕೆ ಹೋಗಿದ್ದೆವು. ಹಬ್ಬದ ವ್ಯಾಪಾರ, ಗಲ್ಲಾದ ಮುಂದೆ ಗಿರಾಕಿಗಳ ಸಾಲು. ಹಿರಿಯ ಮಾಲೀಕರು ನಕ್ಕು, "ಬನ್ನಿ ಭಾಯ್, ರಂಜಾನ್ ಬಂತು ಅಂತ ಮೊದಲು ಚಂದ್ರನನ್ನ ನೋಡಿ ಗೊತ್ತಾಗುತ್ತೆ, ಆಮೇಲೆ ನಿಮ್ಮ ರಸೀದಿ ಪುಸ್ತಕ ನೋಡಿ" ಎಂದರು. ದುಡ್ಡು ಕೊಟ್ಟ ಮೇಲೆ ಕೇಳಿದರು: "ಹೋದ ವರ್ಷ ಒಬ್ಬ ಹುಡುಗನ ಫೀಸು ಅಂದಿದ್ರಲ್ಲ, ಪಾಸಾದ್ನಾ?" ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗ ಪಾಸಾಗಿದ್ದ, ಆದರೆ ಅದನ್ನು ಅವರಿಗೆ ತಿಳಿಸಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಅವತ್ತು ತಿಳಿಯಿತು: ನಾವು ಹಣ ತರುತ್ತಿದ್ದೆವು, ಸಂಬಂಧ ಉಳಿಸಿಕೊಂಡಿರಲಿಲ್ಲ.

1. ನಾವು ಬೇಡುವವರಲ್ಲ, ತಲುಪಿಸುವವರು

ಹೊಸ ಕಾರ್ಯಕರ್ತರಿಗೆ ಮೊದಲು ಕಾಡುವುದು ನಾಚಿಕೆ. ಅಂಗಡಿ ಬಾಗಿಲಲ್ಲಿ ನಿಂತಾಗ ಕೈ ಚಾಚಿದಂತೆ ಅನಿಸುತ್ತದೆ. ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೇ ಸೂಕ್ತ ಝಕಾತ್‌ಗೆ ಅರ್ಹವಾದ ಎಂಟು ವರ್ಗಗಳನ್ನು ಹೇಳುತ್ತದೆ. ಬಡವರು, ನಿರ್ಗತಿಕರ ನಂತರ ಅದು ಹೆಸರಿಸುವುದು ಝಕಾತ್ ಸಂಗ್ರಹದ ಕೆಲಸ ಮಾಡುವವರನ್ನು. ಅಂದರೆ ಇದು ದೀನಿನಲ್ಲಿ ಜಾಗವಿರುವ ಕೆಲಸ. ಅದೇ ಅಧ್ಯಾಯದ 103ನೇ ಸೂಕ್ತದಲ್ಲಿ, ದಾನ ಪಡೆಯುವಾಗ ಕೊಟ್ಟವರಿಗಾಗಿ ಪ್ರಾರ್ಥಿಸಬೇಕೆಂದು ಪ್ರವಾದಿವರ್ಯರಿಗೆ(ಸ) ಆದೇಶವಿದೆ. ಆದ್ದರಿಂದ ನಮ್ಮ ನಿಯಮ: ರಸೀದಿ ಹರಿಯುವ ಮುಂಚೆ ದುಆ. ಕೊಟ್ಟದ್ದು ಐವತ್ತು ರೂಪಾಯಿಯಾದರೂ ಅಷ್ಟೇ.

2. ಅಮಾನತ್‌ಗೆ ಬೇಲಿ ಬೇಕು

ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳೆರಡರಲ್ಲೂ ಇಬ್ನುಲ್ಲುತ್‌ಬಿಯ್ಯ ಎಂಬವರ ಪ್ರಸಂಗವಿದೆ. ಝಕಾತ್ ಸಂಗ್ರಹಿಸಿ ಬಂದ ಅವರು, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದು ಎರಡು ಪಾಲು ತೋರಿಸಿದರು. ತಂದೆ ತಾಯಿಯ ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿವರ್ಯರು(ಸ) ಮಿಂಬರ್ ಮೇಲಿಂದಲೇ ಕೇಳಿದರು. ನಮಗೆ ಇದಕ್ಕಿಂತ ಸ್ಪಷ್ಟ ಪಾಠ ಬೇಡ. ಅಂಗಡಿಯಲ್ಲಿ ಚಹಾ ಕುಡಿಯಬಹುದು, ಬಟ್ಟೆ ಪೀಸು ತರುವಂತಿಲ್ಲ. ಸಂಗ್ರಹಕ್ಕೆ ಇಬ್ಬರು ಹೋಗಬೇಕು. ರಸೀದಿ ಅಲ್ಲೇ ಕೊಡಬೇಕು. ಝಕಾತ್ ಮತ್ತು ಸಾಮಾನ್ಯ ದೇಣಿಗೆಯ ಖಾತೆ ಬೇರೆ ಬೇರೆ ಇರಬೇಕು. ಬಜಾರಿನ ಹಿಂದೂ, ಜೈನ, ಕ್ರೈಸ್ತ ವ್ಯಾಪಾರಿಗಳು ಪ್ರೀತಿಯಿಂದ ಕೊಡುವ ಹಣ ಸಾಮಾನ್ಯ ಖಾತೆಗೆ ಸೇರುತ್ತದೆಂದು ಅವರಿಗೆ ಬಾಯಿಬಿಟ್ಟು ಹೇಳಬೇಕು. ತೆರಿಗೆ ವಿನಾಯಿತಿ ಕೇಳುವವರಿಗೆ, ₹2,000ಕ್ಕಿಂತ ಹೆಚ್ಚಿನ ನಗದು ದಾನಕ್ಕೆ ಆ ವಿನಾಯಿತಿ ಸಿಗದೆಂದು ಮೊದಲೇ ತಿಳಿಸಬೇಕು.

3. ಕೊಡುವವರ ಕಾಲ ಅರಿಯಿರಿ

ನಮ್ಮ ಜಿಲ್ಲೆಯಲ್ಲಿ ದುಡ್ಡು ಓಡಾಡುವುದು ಅಡಿಕೆಯ ಜೊತೆ. ಕೊಯ್ಲು ಮುಗಿದು ಮಾಲು ಮಂಡಿಗೆ ಬಂದ ಮೇಲೆ ಬಜಾರಿಗೂ ಜೀವ ಬರುತ್ತದೆ. ಮಳೆಗಾಲದಲ್ಲಿ ಕೈ ಬಿಗಿ. ಶಾಲೆಯ ಫೀಸು ಬರುವುದು ಮಾತ್ರ ಜೂನ್‌ನಲ್ಲೇ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2030ರಲ್ಲಿ ಅದು ಜನವರಿ ಮೊದಲ ವಾರಕ್ಕೆ ಬಂದು, ಅದೇ ವರ್ಷದ ಡಿಸೆಂಬರ್ ಕೊನೆಗೆ ಮತ್ತೊಮ್ಮೆ ಶುರುವಾಗುತ್ತದೆ. ಝಕಾತ್ ಬರುವ ತಿಂಗಳಿಗೂ ಫೀಸು ಕಟ್ಟುವ ತಿಂಗಳಿಗೂ ಅಂತರ ಬೆಳೆಯುತ್ತಿದೆ. ರಂಜಾನ್ ಒಂದನ್ನೇ ನಂಬಿದರೆ ಜೂನ್‌ನಲ್ಲಿ ಮಕ್ಕಳು ಕಾಯಬೇಕಾಗುತ್ತದೆ. ತಿಂಗಳಿಗೆ ಇಷ್ಟು ಎಂದು ಕೊಡುವ ಸಣ್ಣ ದಾನಿಗಳನ್ನು ನಾವು ಹುಡುಕುತ್ತಿರುವುದು ಇದಕ್ಕೇ.

ಸಣ್ಣ ದಾನದ ಶಕ್ತಿಗೆ ನಮ್ಮ ನಾಡಿನಲ್ಲೇ ಸಾಕ್ಷಿ ಇದೆ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ಸುತ್ತಿ, ಸಾವಿರಾರು ಮಕ್ಕಳಿಗೆ ಜಾತಿ ಧರ್ಮ ಕೇಳದೆ ಅನ್ನ, ಅಕ್ಷರ ಕೊಟ್ಟರು. ಅಲಿಗಢದಲ್ಲಿ 1875ರಲ್ಲಿ ಶಾಲೆ ತೆರೆದ ಸರ್ ಸಯ್ಯದ್ ಅಹ್ಮದ್ ಖಾನರು ಹಣಕ್ಕಾಗಿ ಪುಸ್ತಕ ಮಾರಿದರು, ವೇದಿಕೆಯನ್ನೂ ಏರಿದರು. ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಅಲ್ ಅಮೀನ್ ಸಂಸ್ಥೆ ಕಟ್ಟಿದರು. ಅಮೀನ್ ಎಂದರೆ ನಂಬಿಕಸ್ಥ. ಹೆಸರಲ್ಲೇ ಬಂಡವಾಳವಿತ್ತು.

4. "ಈ ಸಲ ಆಗಲ್ಲ" ಎಂದವರ ಮನೆಗೆ ಮತ್ತೆ ಹೋಗಿ

ಭದ್ರಾವತಿಯಲ್ಲಿ ಒಂದು ಮನೆಯವರು ವರ್ಷಗಟ್ಟಲೆ ತಪ್ಪದೆ ಕೊಟ್ಟವರು. ಕಾಗದ ಕಾರ್ಖಾನೆ ನಿಂತ ಮೇಲೆ "ಈ ಸಲ ಆಗಲ್ಲಪ್ಪ" ಎಂದರು. ನಾವು ಹೆಸರಿಗೆ ಗೆರೆ ಎಳೆದು ಸುಮ್ಮನಾದೆವು. ಎರಡು ವರ್ಷದ ನಂತರ ಅದೇ ಮನೆಯ ಮಗಳ ಅರ್ಜಿ ನಮ್ಮ ಮೇಜಿನ ಮೇಲಿತ್ತು. ನಡುವಿನ ಎರಡು ವರ್ಷ ಅವಳು ಕಾಲೇಜು ಬಿಟ್ಟಿದ್ದಳು. ಒಮ್ಮೆ ಬರಿಗೈಯಲ್ಲಿ ಹೋಗಿ "ಹೇಗಿದ್ದೀರಿ ಚಾಚಾ" ಎಂದು ಕೇಳಿದ್ದರೆ ಆ ಎರಡು ವರ್ಷ ಉಳಿಯುತ್ತಿತ್ತೇನೋ. ಈಗ ಗೆರೆ ಎಳೆಯುವುದಿಲ್ಲ. ಕೊಡಲಾಗದವರ ಮನೆಗೂ ವರ್ಷಕ್ಕೊಮ್ಮೆ, ರಸೀದಿ ಪುಸ್ತಕವಿಲ್ಲದೆ, ಹೋಗಿ ಬರುತ್ತೇವೆ.

5. ಪಡೆಯುವವರ ಮುಖ ನಮ್ಮ ಜಾಹೀರಾತಲ್ಲ

ಹಿಂದೆ ಮಕ್ಕಳನ್ನು ವೇದಿಕೆಯಲ್ಲಿ ಸಾಲಾಗಿ ನಿಲ್ಲಿಸಿ, ಚೆಕ್ ಹಿಡಿಸಿ ಫೋಟೋ ತೆಗೆಸುತ್ತಿದ್ದೆವು. ಒಳ್ಳೆಯ ಅಂಕ ಪಡೆದ ಹುಡುಗಿಯೊಬ್ಬಳು ಮರುವರ್ಷ ಅರ್ಜಿಯನ್ನೇ ಹಾಕಲಿಲ್ಲ. ಫೋಟೋ ನೋಡಿ ತರಗತಿಯಲ್ಲಿ ಆಡಿಕೊಂಡರಂತೆ ಎಂದು ಅವಳ ಅಮ್ಮಿ ಆಮೇಲೆ ಹೇಳಿದರು. ಉಪಕಾರವನ್ನು ಎತ್ತಿ ಆಡಿ ನೋಯಿಸಿದರೆ ದಾನ ನಿಷ್ಫಲವಾಗುತ್ತದೆಂದು ಅಲ್ ಬಕರ ಅಧ್ಯಾಯ ಎಚ್ಚರಿಸುತ್ತದೆ. ದಾನಿಗಳು ಆಡದ ಮಾತನ್ನು ನಮ್ಮ ಫೋಟೋ ಆಡಿತ್ತು. ಅಂದಿನಿಂದ ಫೋಟೋ ಇಲ್ಲ, ವೇದಿಕೆ ಇಲ್ಲ, ವರದಿಯಲ್ಲಿ ಹೆಸರೂ ಇಲ್ಲ. ಫೀಸು ನೇರವಾಗಿ ಶಾಲೆ, ಕಾಲೇಜಿಗೆ ಹೋಗುತ್ತದೆ. ದಾನಿಗಳಿಗೆ ಫಲಿತಾಂಶ ಬಂದ ತಿಂಗಳಲ್ಲಿ, ಎಷ್ಟು ಮಕ್ಕಳು ಯಾವ ತರಗತಿ ಮುಗಿಸಿದರೆಂದು ಹೆಸರಿಲ್ಲದೆ ತಿಳಿಸುತ್ತೇವೆ. ಆ ಭೇಟಿಯಲ್ಲಿ ಹಣ ಕೇಳುವುದಿಲ್ಲ.

ಕೊನೆಗೆ ಎರಡು ಮನವಿ. ದಾನಿಗಳೇ, ನಿಮಗೆ ಅನುಕೂಲವಾದ ತಿಂಗಳು, ಹೊತ್ತು ತಿಳಿಸಿ. ಗಿರಾಕಿಗಳ ನಡುವೆ ನಿಮ್ಮನ್ನು ನಿಲ್ಲಿಸುವುದಿಲ್ಲ. ಕುಟುಂಬದವರೇ, ಅಂಕಪಟ್ಟಿ ಬಂದ ಕೂಡಲೇ ಒಂದು ಪ್ರತಿ ತಲುಪಿಸಿ. ಫೇಲಾಗಿದ್ದರೂ ತನ್ನಿ, ಮುಂದೇನು ಮಾಡಬಹುದೆಂದು ಕೂತು ಮಾತಾಡೋಣ. ಅರ್ಜಿ ಹಾಕಲು ಸಂಕೋಚಪಡಬೇಡಿ, ಅದು ನಿಮ್ಮ ಹಕ್ಕಿನ ಪಾಲು.

ಆ ಬಟ್ಟೆ ಅಂಗಡಿಯ ಹಿರಿಯರ ಬಳಿಗೆ ಮುಂದಿನ ಫಲಿತಾಂಶದ ಹೊತ್ತಿಗೆ ಬರಿಗೈಯಲ್ಲೇ ಹೋದೆವು. "ಹುಡುಗ ಪಿಯುಸಿ ಸೇರಿದ" ಎಂದೆವು. ಅವರು ಗಲ್ಲಾದಿಂದ ಎದ್ದು ಬಂದು ಚಹಾ ತರಿಸಿದರು.

ಕೊಟ್ಟವರ ಗಳಿಕೆಯಲ್ಲಿ ಅಲ್ಲಾಹನು ಬರ್ಕತ್ ನೀಡಲಿ, ಓದುವ ಮಕ್ಕಳಿಗೆ ಜ್ಞಾನ ಹೆಚ್ಚಿಸಲಿ, ನಡುವೆ ನಿಂತ ನಮ್ಮ ಕೈಗಳನ್ನು ಶುದ್ಧವಾಗಿಡಲಿ. ಆಮೀನ್.