ಹೊಸ ನಾಯಕಿ

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರು 1968ರಲ್ಲಿ ‘ಎ ವಿಜರ್ಡ್ ಆಫ್ ಅರ್ತ್‌ಸೀ’ ಎಂಬ ಅದ್ಭುತರಮ್ಯ ಕಾದಂಬರಿಯನ್ನು ಪ್ರಕಟಿಸಿದರು. ದ್ವೀಪಸಮೂಹವೊಂದರಲ್ಲಿ ನಡೆಯುವ ಆ ಕಥೆಗೆ ಗೆಡ್ ಎಂಬ ತರುಣ ಮಾಂತ್ರಿಕನೇ ನಾಯಕ. ಮುಂದಿನ ಸಂಪುಟದಲ್ಲಿಯೂ ಅವನ ಸಾಹಸಗಳೇ ಮುಂದುವರಿಯುವುವೆಂದು ನಿರೀಕ್ಷಿಸುವುದು ಸಹಜ. ಆದರೆ 1971ರ ‘ದಿ ಟೂಂಬ್ಸ್ ಆಫ್ ಅಟುವಾನ್’ ಟೆನಾರ್ ಎಂಬ ಬಾಲಿಕೆಯಿಂದ ಆರಂಭವಾಗುತ್ತದೆ.

ಎಳೆಯ ವಯಸ್ಸಿನಲ್ಲಿಯೇ ಅವಳನ್ನು ತಾಯ್ತಂದೆಯರಿಂದ ಅಗಲಿಸಿ, ಹೆಸರನ್ನೂ ಕಸಿದುಕೊಂಡು, ಕತ್ತಲೆಯ ಶಕ್ತಿಗಳ ಪೂಜಾರಿಣಿಯನ್ನಾಗಿ ಮಾಡುತ್ತಾರೆ. ನೆಲದಡಿಯ ಜಟಿಲವಾದ ಸುರಂಗಗಳೇ ಅವಳ ರಾಜ್ಯ. ಮುರಿದ ಕಡಗವೊಂದರ ಅರ್ಧಭಾಗವನ್ನು ಅರಸುತ್ತ ಬಂದ ಗೆಡ್ ಅಲ್ಲಿ ಸೆರೆಯಾಗುತ್ತಾನೆ. ಹಿಂದಿನ ಕಥೆಯ ನಾಯಕ ಇಲ್ಲಿ ಪರದೇಶದ ಕಳ್ಳ! ಅವನನ್ನು ಬಾಯಾರಿ ಸಾಯಲು ಬಿಡಬೇಕಾದವಳು ನೀರು ಕೊಟ್ಟು ಉಳಿಸುತ್ತಾಳೆ. ಅವನು ಅವಳ ನಿಜವಾದ ಹೆಸರನ್ನು ಅವಳಿಗೆ ಮರಳಿಸುತ್ತಾನೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಬಿಡುಗಡೆಯಿಲ್ಲ. ಇಬ್ಬರೂ ಕೂಡಿಯೇ ಹೊರಬರುತ್ತಾರೆ.

ಮೊದಲು ಗೆಡ್‌ನ ದೃಷ್ಟಿಯಿಂದ ಲೋಕವನ್ನು ಕಂಡ ಓದುಗನು ಈಗ ಟೆನಾರಳ ಕಣ್ಣಿನಿಂದ ಗೆಡ್‌ನನ್ನೇ ಕಾಣುತ್ತಾನೆ. ಆಗ ಅವನ ಶಕ್ತಿಯೊಡನೆ ಅಸಹಾಯಕತೆಯೂ ಗೋಚರಿಸುತ್ತದೆ. 1990ರ ‘ತೆಹಾನು’ವಿನಲ್ಲಿಯೂ ಅಷ್ಟೆ: ಮಂತ್ರಶಕ್ತಿಯನ್ನು ಕಳೆದುಕೊಂಡ ಗೆಡ್‌ನನ್ನು ವಿಧವೆಯಾದ ಟೆನಾರಳೇ ಆರೈಕೆ ಮಾಡುತ್ತಾಳೆ. ನಾಯಕತ್ವವು ಒಬ್ಬನ ಸೊತ್ತಲ್ಲ. ಬದಿಯಲ್ಲಿ ನಿಂತವರಿಗೂ ಅವರದೇ ಕಥೆಯುಂಟು.